ಬಾವಿ ಕೊಟ್ಟ ಇಂಗ್ಲಿಷು

ನಮ್ಮೂರಲ್ಲಿ ಇಂಗ್ಲಿಷ್ ಕಲಿಯಬೇಕೆಂದರೆ ಬಾವಿಗೆ ಹೋಗಬೇಕಾಗಿತ್ತು. ಶಾಲೆಯಲ್ಲೂ ಇಂಗ್ಲಿಷ್ ಇತ್ತು, ಇಲ್ಲವೆನ್ನುವುದಿಲ್ಲ. ಅಡಿವೆಪ್ಪ ಮಾಸ್ತರು ಮೂವತ್ತು ವರ್ಷದಿಂದ ಬೆತ್ತ ಹಿಡಿದು ಕಲಿಸುತ್ತಿದ್ದರು. ಆದರೆ ಅದು ಅರ್ಜಿ ಬರೆಯುವ ಇಂಗ್ಲಿಷು, ರಜೆ ಬೇಡುವ ಇಂಗ್ಲಿಷು, ಕೈಮುಗಿದು ಬಿನ್ನವಿಸಿಕೊಳ್ಳುವ ಇಂಗ್ಲಿಷು. ಬೀದಿಯಲ್ಲಿ ಎದುರಾದಾಗ ಆಡುವ ಮಾತು, ಎಡವಿದಾಗ ಬಾಯಿಗೆ ಬರುವ ಮಾತು, ಮಗುವನ್ನು ಗದರುವ ಮಾತು, ಇವನ್ನು ಕೊಡುತ್ತಿದ್ದುದು ಕುಂಬಾರ ಓಣಿಯ ಹಿಂದಿನ ಕಲ್ಲುಕಟ್ಟೆಯ ಬಾವಿ ಒಂದೇ. ಕಟ್ಟೆಗೆ ಎದೆಯಾನಿಸಿ, ತಲೆ ಒಳಗೆ ಚಾಚಿ, ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೆಯೇ ಕೂಗಬೇಕು. ತಳದ ನೀರಿನಿಂದ ಅದೇ ಮಾತು ಇಂಗ್ಲಿಷಾಗಿ ತಿರುಗಿ ಬರುತ್ತಿತ್ತು. ಶಬ್ದಕ್ಕೆ ಶಬ್ದ ಜೋಡಿಸಿದ್ದಲ್ಲ. ಆ ಸೀಮೆಯ ಜನ ಅದೇ ಮನಸ್ಸಿನಲ್ಲಿದ್ದಾಗ ಏನೆನ್ನುತ್ತಾರೋ ಅದು, ಅವರದೇ ರಾಗದಲ್ಲಿ.

ಅದಕ್ಕೊಂದು ಕಟ್ಟಳೆಯಿತ್ತು. ಕೂಗುವ ಮಾತು ನಿಜವಾಗಿ ನಿಮ್ಮ ಮನಸ್ಸಿನಲ್ಲಿರಬೇಕು. ಪರೀಕ್ಷೆ ಹತ್ತಿರ ಬಂತೆಂದು ಸುಮ್ಮನೆ ಕೂಗಿದರೆ ಬಾವಿ ತುಟಿಪಿಟಕ್ಕೆನ್ನುತ್ತಿರಲಿಲ್ಲ. ‘ತಪ್ಪಾತು’ ಎನ್ನುವುದಕ್ಕೆ ಇಂಗ್ಲಿಷ್ ಬೇಕಾದವರು ಮೊದಲು ತಪ್ಪು ಮಾಡಿ, ಅದಕ್ಕಾಗಿ ಮನಸ್ಸು ನೊಂದು, ಆಮೇಲೆ ಹೋಗಬೇಕು. ಹೀಗಾಗಿ ಒಬ್ಬರಿಗೆ ಜೀವಮಾನದಲ್ಲಿ ಒಂದು ಮಾತೋ ಎರಡು ಮಾತೋ ಸಿಕ್ಕರೆ ಹೆಚ್ಚು. ಸಿಕ್ಕ ಮಾತು ಅಡ್ಡಹೆಸರಾಗಿ ಅಂಟಿಕೊಳ್ಳುತ್ತಿತ್ತು. ಮಿಠಾಯಿ ಅಂಗಡಿಯ ಗೂಳಪ್ಪ ಮಗಳ ಮದುವೆಯ ದಿನ, ಊಟಕ್ಕೆ ಬಂದ ಬೀಗರ ಹಸಿವನ್ನು ಕಂಡು ಹಿಗ್ಗಿ, ‘ಕೈಯಾರ ತಗೊಂಡು ಉಣ್ರಿ’ ಎಂದು ಬಾವಿಗೂ ಹೋಗಿ ಕೂಗಿಬಂದಿದ್ದ. ಅವತ್ತಿನಿಂದ ಅವನು ಹೆಲ್ಪ್ ಯುವರ್‌ಸೆಲ್ಫ್ ಗೂಳಪ್ಪ.

ನನ್ನದನ್ನೂ ಹೇಳಿಬಿಡುತ್ತೇನೆ, ಹೇಗೂ ಊರವರು ಹೇಳುತ್ತಾರೆ. ನಾನು ಆಸ್ಪತ್ರೆಯ ಕಂಪೌಂಡರ್. ಕೆಲಸಕ್ಕೆ ಸೇರಿದ ಮೊದಲ ವಾರವೇ ಔಷಧದ ಸೀಸೆಗಳಿದ್ದ ಕಪಾಟನ್ನು ಪೂರ್ತಿ ಕೆಡವಿದೆ. ಡಾಕ್ಟರಬಾಯಿಗೆ ಮುಖ ತೋರಿಸಲಾರದೆ ಬಾವಿಗೆ ಓಡಿ ‘ನನ್ನ ಕತಿ ಮುಗೀತು’ ಎಂದು ಕೂಗಿಕೊಂಡೆ. ‘ಐಯಾಮ್ ಡನ್ ಫಾರ್’ ಎಂದಿತು ಬಾವಿ. ರೋಗಿಗಳ ಎದುರಿಗೆ ಆ ಹೆಸರಿನಿಂದ ಕರೆಯಬೇಡಿ ಎಂದು ಅವತ್ತಿನಿಂದ ಇವತ್ತಿನ ತನಕ ಕಂಡವರನ್ನೆಲ್ಲ ಬೇಡಿಕೊಂಡಿದ್ದೇನೆ. ಯಾರೂ ಕಿವಿಗೆ ಹಾಕಿಕೊಂಡಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು, ಅದನ್ನು ಮಾಡಿದವರು ಯಾರೋ ಗೊತ್ತಿಲ್ಲ. ಬಾವಿಯೊಳಗೆ ಇಂಗ್ಲಿಷ್ ಕೂಗಬಾರದು. ಕೊಟ್ಟ ಮಾತನ್ನು ತಿರುಗಿ ಅದರ ಬಾಯಿಗೇ ಹಾಕಿದರೆ ಊರಿಗೆಲ್ಲ ಕೊಟ್ಟ ಮಾತುಗಳನ್ನು ಅದು ಹಿಂದಕ್ಕೆ ಎಳೆದುಕೊಳ್ಳುತ್ತದೆ ಎಂದು ನಮ್ಮಜ್ಜಂದಿರು ಹೇಳುತ್ತಿದ್ದರು. ಮಕ್ಕಳನ್ನು ಕಟ್ಟೆಯ ಹತ್ತಿರ ಕರೆದೊಯ್ಯುವಾಗ ತಾಯಂದಿರು ಮೊದಲು ಹೇಳಿಕೊಡುತ್ತಿದ್ದುದು ಇದನ್ನೇ.

ನಮ್ಮ ಆಸ್ಪತ್ರೆಯಲ್ಲಿ ಬಾಳವ್ವ ಎಂಬ ಆಯಾ ಇದ್ದಳು. ಐವತ್ತರ ಆಸುಪಾಸು, ಗಟ್ಟಿ ಕೈ, ಮೆಲು ಮಾತು. ಹಾಸಿಗೆ ಬದಲಿಸುವುದು, ಮೈ ಒರೆಸುವುದು, ಗಂಜಿ ಕುಡಿಸುವುದು ಅವಳ ಕೆಲಸ. ಅವಳಿಗೆ ಮಾತ್ರ ಅಡ್ಡಹೆಸರಿರಲಿಲ್ಲ. ಏಳು ವರ್ಷದವಳಿದ್ದಾಗ ತಾಯಿ ಅವಳನ್ನು ಬಾವಿಗೆ ಕರೆದೊಯ್ದು, ಎಲ್ಲ ಮಕ್ಕಳಿಂದ ಕೂಗಿಸುವಂತೆ ‘ನಾನು ಶ್ಯಾಣ್ಯಾಕಿ’ ಎಂದು ಕೂಗಿಸಿದ್ದಳಂತೆ. ಉಳಿದ ಮಕ್ಕಳಿಗೆಲ್ಲ ಉತ್ತರ ಬಂತು, ಇವಳಿಗೆ ಬರಲಿಲ್ಲ. ತಾನು ಶ್ಯಾಣ್ಯಾಕಿ, ಜಾಣೆ ಎಂದು ಆ ಮಗುವಿಗೆ ಅನ್ನಿಸಿಯೇ ಇರಲಿಲ್ಲ. ಆಮೇಲೆ ಅವಳು ಆ ಕಡೆ ಹಾಯಲಿಲ್ಲ. ಊರು ಅವಳನ್ನು ಬರೀ ಬಾಳವ್ವ ಎನ್ನುತ್ತಿತ್ತು. ಅವಳು ಅದಕ್ಕೂ ಓಗೊಡುತ್ತಿದ್ದಳು.

ಆ ವರ್ಷ ನಮ್ಮ ಹೊಳೆಗೆ ಕಬ್ಬಿಣದ ಸೇತುವೆ ಜೋಡಿಸಲು ಹೊರದೇಶದ ಒಂದು ತಂಡ ಬಂದಿತ್ತು. ಉಳಿದ ತೊಲೆಗಳನ್ನು ತರಲು ಎಲ್ಲರೂ ದೋಣಿ ಹತ್ತಿ ಹೋದಾಗ, ಕಾವಲಿಗೆಂದು ವಾಲ್ಟರ್ ಎಂಬ ಕೆಲಸಗಾರನೊಬ್ಬನನ್ನು ಬಿಟ್ಟುಹೋದರು. ಬೋಲ್ಟು ಬಿಗಿಯುವವನು, ಮೂವತ್ತರ ಒಳಗಿನವನು, ನಮ್ಮವರ ಬಾಯಲ್ಲಿ ವಾಲ್ಟ್ಯಾ. ನಾಲ್ಕನೆಯ ದಿನ ಕಟ್ಟಿದ ಸರಪಳಿ ಬಿಚ್ಚಿಕೊಂಡು ಒಂದು ತೊಲೆ ಅವನ ಎಡಗಾಲಿನ ಮೇಲೆ ಉರುಳಿತು. ಬಲಗೈಯ ಮಣಿಕಟ್ಟೂ ಮುರಿಯಿತು. ಮೀನುಗಾರರು ಹೊತ್ತು ತಂದರು. ತಂಡ ವಾಪಸು ಬರಲು ಇನ್ನೂ ಮೂರು ವಾರ ಇತ್ತು.

ಐದು ದಿನ ಕಳೆಯುವಷ್ಟರಲ್ಲಿ ಕಾಲು ಕಪ್ಪಿಟ್ಟಿತು. ವಾಸನೆ ವಾರ್ಡಿನ ಬಾಗಿಲ ತನಕ ಬರತೊಡಗಿತು. ಡಾಕ್ಟರಬಾಯಿ ಸುಲೋಚನಾ ನನ್ನನ್ನು ಹೊರಗೆ ಕರೆದು, ‘ಮಂಡಿ ಕೆಳಗ ಕಾಲು ತಗೀಬೇಕ್ರಿ. ನಾಳೆ ಸಂಜಿ ದಾಟಿದ್ರ ತಗದೂ ಉಪಯೋಗ ಇಲ್ಲ’ ಎಂದರು. ಆದರೆ ಎಚ್ಚರವಿದ್ದ ಮನುಷ್ಯನ ಮೈಗೆ ಅವನು ಹೂಂ ಅನ್ನದೆ ಕತ್ತಿ ಹಚ್ಚಬಾರದು ಎನ್ನುವುದು ಅವರ ನೇಮ. ಅದನ್ನು ಅವರು ಯಾರಿಗಾಗಿಯೂ ಮುರಿದವರಲ್ಲ.

ಹೂಂ ಅನ್ನಿಸಲು ಅಡಿವೆಪ್ಪ ಮಾಸ್ತರನ್ನು ಕರೆಸಿದೆವು. ಮಾಸ್ತರು ಕೋಟು ಹಾಕಿ, ಜೇಬಿನಲ್ಲಿ ನಿಘಂಟು ಇಟ್ಟುಕೊಂಡು ಬಂದರು. ಮಂಚದ ಪಕ್ಕ ನೆಟ್ಟಗೆ ನಿಂತು, ಮಾನ್ಯರ ಕಾಲನ್ನು ಬೇರ್ಪಡಿಸುವ ದುಃಖಕರ ಅಗತ್ಯ ಒದಗಿದೆ, ದಯಮಾಡಿ ತಮ್ಮ ಸಮ್ಮತಿಯನ್ನು ದಯಪಾಲಿಸಬೇಕು ಎಂಬ ಅರ್ಥ ಬರುವಂತೆ ಅರ್ಧ ಗಳಿಗೆ ಇಂಗ್ಲಿಷ್ ಆಡಿದರು. ವಾಲ್ಟರ್‌ಗೆ ಅದು ತಿಳಿಯಿತು, ಮುಖದ ಬಣ್ಣ ಇಳಿದದ್ದರಲ್ಲೇ ನಮಗೆ ಗೊತ್ತಾಯಿತು. ‘ನಾಟ್ ಆನ್ ಯುವರ್ ಲೈಫ್’ ಎಂದು ಅವನು ಗೋಡೆಯ ಕಡೆ ತಿರುಗಿದ.

ಮಾಸ್ತರು ನಿಘಂಟು ತೆಗೆದು ಒಂದೊಂದೇ ಶಬ್ದ ಕೂಡಿಸಿ, ‘ಬಾಯಾರ, ನಿಮ್ಮ ಜೀವದ ಮ್ಯಾಲೆ ಅಲ್ಲ ಅಂತಾನ್ರಿ. ಅಂದ್ರ ನಿಮ್ಮ ಜೀವಕ್ಕ ಏನೂ ತ್ರಾಸ ಇಲ್ಲಂತ’ ಎಂದರು.

‘ನನ್ನ ಜೀವದ ಸುದ್ದಿ ಯಾರು ಕೇಳ್ಯಾರ್ರೀ ಮಾಸ್ತರ’ ಎಂದರು ಡಾಕ್ಟರಬಾಯಿ.

ಸತ್ತರೂ ಒಪ್ಪುವುದಿಲ್ಲ ಎನ್ನುವುದಕ್ಕೆ ಆ ಜನ ಹಾಗೆನ್ನುತ್ತಾರೆಂದು ನನಗೆ ತಿಳಿದದ್ದು ಬಹಳ ವರ್ಷದ ಮೇಲೆ. ಅವತ್ತು ನಾವೆಲ್ಲ ಕೈಕೈ ಹಿಸುಕಿಕೊಂಡು ನಿಂತಿದ್ದೆವು. ವಾಲ್ಟರ್ ನಡುನಡುವೆ ಏನೋ ಸರಸರನೆ ಹೇಳುತ್ತಿದ್ದ, ಅರ್ಧ ಶಬ್ದ ನುಂಗುತ್ತಿದ್ದ. ಮಾಸ್ತರು ಹಾಳೆ ತಿರುವುವಷ್ಟರಲ್ಲಿ ಮಾತು ಮುಗಿದಿರುತ್ತಿತ್ತು. ಅವನ ಬಲಗೈಗೆ ಕಟ್ಟು ಹಾಕಿದ್ದರಿಂದ ಬರೆದು ತೋರಿಸು ಎನ್ನುವಂತೆಯೂ ಇರಲಿಲ್ಲ. ನಾನು ಕ್ಲೋರೋಫಾರಂ ಸೀಸೆಯನ್ನೂ ಅದನ್ನು ಹನಿಸುವ ಬಟ್ಟೆಯನ್ನೂ ತಂದು, ನೋವೇ ಗೊತ್ತಾಗುವುದಿಲ್ಲ, ನಿದ್ದೆ ಬರುತ್ತದೆ ಅಷ್ಟೇ ಎಂದು ಸನ್ನೆ ಮಾಡಿ ತೋರಿಸಿದೆ. ಒಳ್ಳೆಯದಾಗಲಿ ಎಂದೇ ಮಾಡಿದ್ದು. ಅವನು ಆ ಬಟ್ಟೆ ನೋಡಿ ಹುಚ್ಚುಹಿಡಿದವನಂತೆ ಅಳುತ್ತಾ ಎಡಗೈ ಬೀಸಿದ, ನನ್ನ ಕೈಯ ಸೀಸೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

ಬಾಳವ್ವ ಮೂಲೆಯಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಮಾಸ್ತರು ಹೋದ ಮೇಲೆ ಅವನ ಹಣೆ ಒರೆಸಿ, ‘ಇವಂಗ ಕಾಲಿನ ಚಿಂತಿ ಇಲ್ರಿ ಕಂಪೌಂಡರ್ರ. ಬ್ಯಾರೆ ಏನೋ ಐತಿ’ ಎಂದಳು.

‘ನಿಂಗ ಹೆಂಗ ಗೊತ್ತು?’

‘ಕಾಲು ನೋಡಿದಾಗ ಅಳಲಿಲ್ಲ. ನಿಮ್ಮ ಬಟ್ಟಿ ನೋಡಿದಾಗ ಅತ್ತ.’

ಮರುದಿನ ಬೆಳಿಗ್ಗೆ ಬಾಳವ್ವ ಬಾವಿಗೆ ಹೋದಳು. ನಲವತ್ತು ಚಿಲ್ಲರೆ ವರ್ಷದ ಮೇಲೆ ಬರೀ ಬಾಳವ್ವ ಬಾವಿಗೆ ಹೋಗುತ್ತಿದ್ದಾಳೆ ಎನ್ನುವ ಸುದ್ದಿ ಅವಳಿಗಿಂತ ಮುಂದೆ ಓಡಿತ್ತು. ಹಾಲು ಮಾರುವವರು, ನೀರಿಗೆ ಬಂದವರು, ಗೂಳಪ್ಪ, ಎಲ್ಲರೂ ಬೇವಿನ ಮರದ ಕೆಳಗೆ ಸೇರಿದ್ದರು. ನಾನೂ ಹಿಂದೆಯೇ ಹೋಗಿದ್ದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಟ್ಟೆಗೆ ಒರಗಿ, ‘ನಿಂಗೇನೂ ಆಗೂದಿಲ್ಲೋ ತಮ್ಮಾ’ ಎಂದು ಕೂಗಿದಳು. ನೀರು ಅಲುಗಲಿಲ್ಲ. ಇನ್ನೊಮ್ಮೆ ಕೂಗಿದಳು. ಮೂರನೆಯ ಸಲ ಕೂಗಿ ಕಾದು ನಿಂತಳು. ಒಂದು ಪಾರಿವಾಳ ಒಳಗೋಡೆಯ ಪೊಟರೆಯಿಂದ ಹಾರಿಹೋಯಿತು, ಅಷ್ಟೇ. ಮರದ ಕೆಳಗೆ ಯಾರೋ ಕಿಸಕ್ಕೆಂದರು.

ಅವಳು ತಿರುಗಿ ಬಂದಾಗ ನಾಚಿಕೆಯಾಗಿರಬೇಕು ಎಂದುಕೊಂಡು ನಾನು ಸಮಾಧಾನದ ಮಾತು ತೆಗೆದೆ. ಅವಳು ಕೈಯಾಡಿಸಿ ತಡೆದಳು. ‘ಬಾವೀದೇನೂ ತಪ್ಪಿಲ್ರಿ. ಏನೂ ಆಗೂದಿಲ್ಲ ಅಂತ ನಂಗ ಅನಸಿಲ್ಲ. ಅನಸದ ಮಾತು ನಾ ಕೂಗಿದ್ನಿ’ ಎಂದಳು. ನಾಲ್ಕು ಹೆಜ್ಜೆ ಹೋಗಿ ನಿಂತು, ‘ಕಂಪೌಂಡರ್ರ, ನಮ್ಮ ಮಾತು ಹಾಕಿದ್ರ ಅವರ ಮಾತು ಬರ್ತೈತಿ. ಅಂವ ತನ್ನ ಮಾತು ಹಾಕಿದ್ರ?’ ಎಂದು ಕೇಳಿದಳು.

ಇಷ್ಟು ಸರಳವಾದ ಪ್ರಶ್ನೆಯನ್ನು ನಮ್ಮೂರಲ್ಲಿ ಯಾರೂ ಕೇಳಿರಲಿಲ್ಲ. ಕೇಳುವ ಧೈರ್ಯ ಇರಲಿಲ್ಲ ಎನ್ನುವುದು ಸರಿಯಾದ ಮಾತು.

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಅಂಗಳ ತುಂಬಿತು. ಮಂಚವನ್ನು ಬಾವಿಗೆ ಒಯ್ಯುತ್ತಾರಂತೆ, ಪರದೇಶದವನ ಬಾಯಿಂದ ಬಾವಿಯೊಳಗೆ ಇಂಗ್ಲಿಷ್ ಹಾಕಿಸುತ್ತಾರಂತೆ ಎಂದು ಜನ ಕೆಲಸ ಬಿಟ್ಟು ಬಂದಿದ್ದರು. ಅಡಿವೆಪ್ಪ ಮಾಸ್ತರು ಬಾಗಿಲಿಗೆ ಅಡ್ಡ ನಿಂತರು. ‘ಬಾಳವ್ವ, ನಿಂಗ ತಿಳಿಯೂದಿಲ್ಲ. ಈ ಊರಾಗಿನ ಒಬ್ಬೊಬ್ಬರ ಮಾತಿಗೂ ಒಂದೊಂದು ಕತಿ ಐತಿ. ಒಂದ ಗಳಿಗ್ಯಾಗ ಎಲ್ಲಾ ಹೋಗಿಬಿಡ್ತಾವ’ ಎಂದರು. ಮಾಸ್ತರ ದನಿ ನಡುಗುತ್ತಿತ್ತು. ಬಾವಿಗೆ ವ್ಯಾಕರಣ ಬರುವುದಿಲ್ಲ ಎಂದು ಸದಾ ಹೀಯಾಳಿಸುತ್ತಿದ್ದ ಮನುಷ್ಯ ಇಷ್ಟೇಕೆ ಹೆದರಿದರೋ ಎಂದು ನನಗೆ ಸೋಜಿಗವಾಯಿತು.

ಬಾಳವ್ವ ಅವರ ಮುಂದೆ ತಲೆತಗ್ಗಿಸಿಯೇ ನಿಂತಿದ್ದಳು. ದನಿಯನ್ನೂ ಏರಿಸಲಿಲ್ಲ. ‘ಮಾಸ್ತರ, ನನ್ನ ಹತ್ರ ಕಳಕೊಳ್ಳಾಕ ಏನೂ ಇಲ್ಲ, ಅದಕ್ಕ ನಾ ಸಸಾರ ಮಾತಾಡ್ತೀನಿ ಅಂದ್ರೂ ಖರೇನ. ಆದ್ರ ನಿಮ್ಮೆಲ್ಲಾರ ಮಾತು ಪೆಟ್ಟಿಗ್ಯಾಗ ಇಟ್ಟು ಕಾಯೂದ್ಯಾಕ್ರಿ? ಒಬ್ಬ ಮನಿಷಾ ಹೇಳೂದು ತಿಳೀವಲ್ದು ಅಂತ ಸಾಯಾಕತ್ತಾನ’ ಎಂದಳು.

ನಾನು ತಲೆಯ ಕಡೆಗೆ ಹೋಗಿ ಮಂಚದ ಒಂದು ಕಾಲು ಹಿಡಿದು ಎತ್ತಿದೆ. ನನ್ನ ಕಥೆ ಮುಗಿಯಿತು ಎನ್ನುವ ಮಾತು ಹೋದರೆ ಹೋಗಲಿ, ಒಂದು ಪೀಡೆ ಕಳೆಯಿತು ಎಂದುಕೊಂಡೆ. ಇನ್ನೊಂದು ಕಾಲನ್ನು ಗೂಳಪ್ಪ ಹಿಡಿದ. ಕಾಲ ಕಡೆಗೆ ಇಬ್ಬರು ಕುಂಬಾರರು ಬಂದರು. ಮಾಸ್ತರು ಬಾಗಿಲಿನಿಂದ ಸರಿದರು, ಆದರೆ ನಮ್ಮ ಮುಖ ನೋಡಲಿಲ್ಲ.

ಕಟ್ಟೆಯ ಮೇಲೆ ಹಾಸಿಗೆ ಮಡಿಸಿ ಇಟ್ಟು, ವಾಲ್ಟರ್‌ನನ್ನು ಒರಗಿಸಿ ಕೂರಿಸಿದೆವು. ಅವನಿಗೆ ಜ್ವರ ಕುದಿಯುತ್ತಿತ್ತು. ಇವರು ನನ್ನನ್ನು ಬಾವಿಗೆ ನೂಕುತ್ತಾರೆ ಎಂದುಕೊಂಡನೋ ಏನೋ, ಬಾಳವ್ವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದ. ಅವಳು ಅವನ ಪಕ್ಕವೇ ಕೂತು, ಒಳಗೆ ಬಾಗಿ, ‘ಹೇಳೋ ನನ್ನಪ್ಪಾ, ಏನೈತಿ ಹೊಟ್ಟ್ಯಾಗ, ಹೊರಗ ಹಾಕಿಬಿಡು’ ಎಂದಳು. ಕೂಗಲೂ ಇಲ್ಲ, ಮಾತಾಡಿದಳು ಅಷ್ಟೇ.

‘ಕಮ್ ಆನ್, ಸನ್. ಔಟ್ ವಿತ್ ಇಟ್’ ಎಂದಿತು ಬಾವಿ.

ಬೇವಿನ ಮರದ ಕೆಳಗೆ ನೂರು ಜನ ಒಮ್ಮೆಗೇ ಉಸಿರೆಳೆದುಕೊಂಡದ್ದು ಕೇಳಿಸಿತು. ಬಾಳವ್ವನಿಗೆ ಮಾತು ಸಿಕ್ಕಿತ್ತು. ಆದರೆ ಅವಳು ಅದನ್ನು ಗಮನಿಸಲೇ ಇಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು. ಆ ದನಿ ಅವನ ಸೀಮೆಯದು, ಅವನ ಕೇರಿಯದೇ ಇರಬೇಕು. ವಾಲ್ಟರ್ ಬಾಯಿ ತೆರೆದು ನೀರಿನ ಕಡೆ ನೋಡಿದ. ಆಮೇಲೆ ಕಟ್ಟೆಗೆ ಗಲ್ಲ ಆನಿಸಿ, ತಡೆದು ತಡೆದು, ನಡುವೆ ಬಿಕ್ಕುತ್ತಾ, ಉದ್ದಕ್ಕೆ ಏನೇನೋ ಹೇಳಿದ. ನಮಗೊಂದೂ ತಿಳಿಯಲಿಲ್ಲ.

ಬಾವಿ ಸುಮ್ಮನಿತ್ತು. ಅಷ್ಟು ಹೊತ್ತು ಅದು ಯಾರನ್ನೂ ಕಾಯಿಸಿದ್ದು ನಾನು ಕಂಡಿರಲಿಲ್ಲ. ಮಾಸ್ತರು ಕಣ್ಣು ಮುಚ್ಚಿ ಏನನ್ನೋ ಗುನುಗುತ್ತಿದ್ದರು. ಗೂಳಪ್ಪನ ತುಟಿಯೂ ಅಲುಗುತ್ತಿತ್ತು, ತನ್ನ ಮಾತು ಇದೆಯೋ ಹೋಯಿತೋ ಎಂದು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಆಗ ತಳದಿಂದ ದನಿ ಎದ್ದಿತು. ಅದು ಕನ್ನಡವಾಗಿತ್ತು, ಅದೂ ನಮ್ಮ ಕುಂಬಾರ ಓಣಿಯ ಕನ್ನಡ.

‘ಕಾಲು ಹೋದ್ರ ಹೋಗ್ಲಿ ಬಿಡ್ರಿ. ಕಣ್ಣು ಮುಚ್ಚಾಕ ಅಂಜಿಕಿ ಬರ್ತೈತಿ ನಂಗ. ನಮ್ಮಪ್ಪಗೂ ಹಿಂಗ ಮೂಗಿಗಿ ಬಟ್ಟಿ ಹಿಡದ್ರು. ಏಳಲೇ ಇಲ್ಲ ಅಂವ. ನಾ ಹೋಗಿ ಕರದು ಎಬ್ಬಸ್ತೀನಿ ಅಂತ ನಮ್ಮವ್ವ ಬಾಗಲಾ ಬಡಕೊಂಡ್ಳು, ಒಳಗ ಬಿಡಲಿಲ್ಲ. ಇಲ್ಲಿ ನನ್ನ ಎಬ್ಬಿಸೋರು ಯಾರದಾರ? ನನ್ನ ಮಾತಿನ್ಯಾಗ ಕರಿಯೋರು ಯಾರದಾರ?’

ಇದು ಇಂಗ್ಲಿಷ್ ಬಾವಿ ಎಂದೇ ನಾವು ತಲೆತಲಾಂತರದಿಂದ ತಿಳಿದಿದ್ದೆವು. ಅದಕ್ಕೆ ನಮ್ಮ ಮಾತೂ ಬರುತ್ತಿತ್ತು, ಅಷ್ಟೇ ಚೆನ್ನಾಗಿ ಬರುತ್ತಿತ್ತು, ಕೇಳುವವರು ಇಲ್ಲದೆ ಸುಮ್ಮನಿತ್ತು. ಕುಂಬಾರರ ಒಬ್ಬ ಮುದುಕಿ ಸೆರಗಿನಿಂದ ಮೂಗೊರೆಸಿಕೊಂಡು, ‘ಇಂವ ನಮ್ಮ ಓಣಿಯಾಂವ ಆದ್ನಲ್ಲ’ ಎಂದಳು. ನನಗೆ ಮಾತ್ರ ಬೇರೆಯದೇ ಸಂಕಟ. ಇಪ್ಪತ್ತು ವರ್ಷದಿಂದ ಎಷ್ಟೋ ಜನರ ಮೂಗಿಗೆ ಆ ಬಟ್ಟೆ ಹಿಡಿದಿದ್ದೆ. ಅವರು ಏನು ಬಿಟ್ಟು ಕಣ್ಣು ಮುಚ್ಚುತ್ತಾರೆ ಎಂದು ಒಬ್ಬರನ್ನೂ ಕೇಳಿರಲಿಲ್ಲ.

ಬಾಳವ್ವ ಮತ್ತೆ ಬಾಗಿದಳು. ‘ನಾ ಎಬ್ಬಸ್ತೀನಿ. ಏಳೂತನಾ ಅಲ್ಲಿಂದ ಕದಲೂದಿಲ್ಲ.’

‘ಐಲ್ ವೇಕ್ ಯು. ಐಯಾಮ್ ನಾಟ್ ಗೋಯಿಂಗ್ ಎನಿವೇರ್’ ಎಂದಿತು ಬಾವಿ.

ವಾಲ್ಟರ್ ಅವಳ ಕಡೆ ತಿರುಗಿ ಎರಡೇ ಶಬ್ದ ಕೇಳಿದ. ಬಾವಿ ‘ಖರೇನ?’ ಎಂದಿತು. ಬಾಳವ್ವ ಅದಕ್ಕೆ ಬಾವಿಯ ಮೂಲಕ ಉತ್ತರ ಕೊಡಲಿಲ್ಲ. ಅವನ ನೆತ್ತಿಯ ಮೇಲೆ ಕೈಯಿಟ್ಟಳು. ಅವನು ಬಹಳ ಹೊತ್ತು ಅವಳನ್ನೇ ನೋಡಿ, ಕೊನೆಗೆ ಏನೋ ಅಂದ. ‘ಆತು, ನಡೀರಿ ಹಂಗಾರ’ ಎಂದು ಬಾವಿ ನಮಗೆ ತಿಳಿಸಿತು.

ಮಂಚ ಹೊತ್ತು ತಿರುಗುವಾಗ ಗೂಳಪ್ಪ ತಡೆಯಲಾರದೆ ‘ಹೆಲ್ಪ್ ಯುವರ್‌ಸೆಲ್ಫ್’ ಎಂದು ಗಟ್ಟಿಯಾಗಿ ಹೇಳಿ ನೋಡಿದ. ಮಾತು ಅಲ್ಲೇ ಇತ್ತು. ಹಿಂದೆ ಬರುತ್ತಿದ್ದವರೂ ತಮ್ಮ ತಮ್ಮದನ್ನು ಹೇಳಿ ನೋಡಿಕೊಂಡರು. ಯಾರದೂ ಹೋಗಿರಲಿಲ್ಲ. ಅಜ್ಜಂದಿರು ಯಾಕೆ ಹಾಗೆ ಹೆದರಿಸಿದ್ದರೋ ಅವರೇ ಬಲ್ಲರು.

ಡಾಕ್ಟರಬಾಯಿ ತಡ ಮಾಡಲಿಲ್ಲ. ನಾನು ಬಟ್ಟೆ ಹಿಡಿದಾಗ ವಾಲ್ಟರ್ ಈ ಸಲ ಕೈ ಬೀಸಲಿಲ್ಲ. ಬಾಳವ್ವನ ಬೆರಳನ್ನು ಹಿಡಿದುಕೊಂಡು ಅವಳ ಮುಖ ನೋಡುತ್ತಲೇ ಕಣ್ಣು ಮುಚ್ಚಿದ. ನಾನು ಹನಿ ಎಣಿಸಿ ಎಣಿಸಿ ಹಾಕಿದೆ. ಕೆಲಸ ಒಂದು ಗಂಟೆಯೊಳಗೆ ಮುಗಿಯಿತು, ರಕ್ತವೂ ಹೆಚ್ಚು ಹೋಗಲಿಲ್ಲ. ಡಾಕ್ಟರಬಾಯಿ ಕೈ ತೊಳೆದುಕೊಂಡು, ಇನ್ನು ಅರ್ಧ ಗಂಟೆಯಲ್ಲಿ ಏಳುತ್ತಾನೆ ಎಂದರು.

ಅರ್ಧ ಗಂಟೆ ಆಯಿತು. ಒಂದು ಗಂಟೆ ಆಯಿತು. ಕಿಟಕಿಯಿಂದ ಬಿದ್ದ ಬಿಸಿಲು ಮಂಚದ ಕಾಲಿನಿಂದ ಗೋಡೆಯ ತನಕ ಸರಿಯಿತು, ಅವನು ಏಳಲಿಲ್ಲ. ನಾಡಿ ಹಿಡಿದರೆ ನೂಲಿನೆಳೆಯಷ್ಟು ಸಿಗುತ್ತಿತ್ತು. ಬಾಳವ್ವ ಬಾವಿ ಕೊಟ್ಟ ಮಾತುಗಳನ್ನು ಅದೇ ರಾಗದಲ್ಲಿ ಅವನ ಕಿವಿಯ ಹತ್ತಿರ ಹೇಳುತ್ತಲೇ ಇದ್ದಳು. ಕಮ್ ಆನ್ ಸನ್, ಐಲ್ ವೇಕ್ ಯು, ಕಮ್ ಆನ್ ಸನ್. ಅವಳ ಗಂಟಲು ಒಣಗಿ ದನಿ ಒಡೆಯಿತು. ಒಂದು ಹನಿ ಹೆಚ್ಚು ಹಾಕಿದೆನೋ ಎಂದು ನಾನು ಒಳಗೇ ಬೆಂದುಹೋದೆ. ಡಾಕ್ಟರಬಾಯಿ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ‘ಉಸಿರು ಐತಿ. ಆದ್ರ ಹೊತ್ತು ಮುಳುಗೂದ್ರೊಳಗ ಏಳದಿದ್ರ ನಾ ಏನೂ ಹೇಳಲಾರೆ’ ಎಂದರು.

ಬಾಳವ್ವನಿಗೆ ಅದು ಕೇಳಿಸಿತು. ಅವಳು ಅವನ ಬೆರಳು ಬಿಡದೆಯೇ ನನ್ನ ಕಡೆ ತಿರುಗಿದಳು. ‘ಕಂಪೌಂಡರ್ರ, ಮುಂಜಾನಿ ನಮ್ಮ ಓಣ್ಯಾಗ ಒಂದ ದನಿಗೆ ಯಾರರ ಏಳ್ತಾರೇನ್ರಿ? ಒಬ್ಬಾಕಿ ಕೋಳಿಗಿ ಬೈತಿರ್ತಾಳ, ಒಬ್ಬಾಂವ ಚಾ ಕೇಳ್ತಿರ್ತಾನ, ಮಂದಿ ಗದ್ದಲಕ್ಕ ಎಚ್ಚರ ಆಗ್ತೈತಿ. ಇವಂಗ ಇವನ ಓಣಿ ಗದ್ದಲ ಬೇಕು. ಊರ ಮಂದೀನ ಕರೀರಿ’ ಎಂದಳು.

ಕರೆಯುವುದೇನು ಬಂತು, ಎಲ್ಲರೂ ಅಂಗಳದಲ್ಲೇ ಇದ್ದರು. ನಾನು ಕಿಟಕಿಗಳನ್ನೆಲ್ಲ ತೆರೆದು, ನಿಮ್ಮ ನಿಮ್ಮ ಮಾತು ಹೇಳಿ ಎಂದೆ. ಮೊದಮೊದಲು ಜನ ನಾಚಿದರು. ನೋವಿನಲ್ಲೋ ಸಿಟ್ಟಿನಲ್ಲೋ ಹಿಗ್ಗಿನಲ್ಲೋ ಪಡೆದ ಮಾತನ್ನು ಹೀಗೆ ಸಂತೆಯಲ್ಲಿ ಹರಡಿದಂತೆ ಹೇಳುವುದು ನಮ್ಮೂರಲ್ಲಿ ರೂಢಿಯಿರಲಿಲ್ಲ. ಆಮೇಲೆ ಕೋಳಿ ಸಾಕುವ ನೀಲವ್ವ, ಎಂದೋ ಪಕ್ಕದ ಮನೆಯ ಹುಂಜಕ್ಕೆ ಬೈದು ಪಡೆದ ‘ಶೂ, ಯು ಲಿಟಲ್ ಡೆವಿಲ್’ ಎನ್ನುವುದನ್ನು ಕಿಟಕಿಯ ಸರಳಿಗೆ ಬಾಯಿಟ್ಟು ಒದರಿದಳು. ಚಹದಂಗಡಿಯವನು ‘ಪುಟ್ ದಿ ಕೆಟಲ್ ಆನ್’ ಎಂದ. ಅಗಸರ ಮುದುಕ ಬಿಸಿಲು ನೋಡಿ ‘ಲವ್ಲಿ ಡೇ ಫಾರ್ ಇಟ್’ ಎಂದ. ಬಾಗಿಲು ತಗ್ಗಾದ ಮನೆಯ ಬಡಿಗ ‘ಮೈಂಡ್ ಯುವರ್ ಹೆಡ್’ ಎಂದ. ಯಾರೋ ‘ವೇರ್ ಹ್ಯಾವ್ ಯು ಬೀನ್’ ಎಂದು ಗದರಿದರು, ಯಾರೋ ‘ಮಾರ್ನಿಂಗ್ ಆಲ್’ ಎಂದರು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು ಏಳುತ್ತಿತ್ತು.

ನಾನು ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಮಾತು ಆ ಮಂಚದ ಪಕ್ಕ ಆಡುವಂಥದ್ದಲ್ಲ. ಬರೀ ಕೇಳುತ್ತಾ ನಿಂತೆ. ಕೇಳಕೇಳುತ್ತಾ ನನಗೆ ನಾವೆಲ್ಲಿದ್ದೇವೆ ಎನ್ನುವುದೇ ಮರೆತುಹೋಯಿತು. ಎಂದೂ ಕಾಣದ ಒಂದು ಊರು ನಮ್ಮ ಆಸ್ಪತ್ರೆಯ ಅಂಗಳದಲ್ಲಿ ಬೆಳಗಾಗಿ ಎದ್ದಿತ್ತು. ಅದರ ಕೋಳಿಗಳು, ಅದರ ಒಲೆಗಳು, ತಗ್ಗು ಬಾಗಿಲುಗಳು, ತಡವಾಗಿ ಬಂದ ಗಂಡಂದಿರು, ಎಲ್ಲ ಇದ್ದವು. ಅಲ್ಲಿಯ ಜನರೂ ನಮ್ಮಂತೆಯೇ ಬೈಯುತ್ತಿದ್ದರು, ನಮ್ಮಂತೆಯೇ ಚಹಕ್ಕೆ ಹಾತೊರೆಯುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಗದ್ದಲ ಸ್ವಲ್ಪ ಇಳಿದಾಗ ಅಡಿವೆಪ್ಪ ಮಾಸ್ತರು ಒಳಗೆ ಬಂದರು. ಕೋಟಿನ ಗುಂಡಿ ಬಿಚ್ಚಿತ್ತು. ಮಂಚದ ಕಾಲ ಕಡೆ ನಿಂತು, ಯಾರ ಮುಖವನ್ನೂ ನೋಡದೆ, ‘ಇಟ್ಸ್ ನಾಟ್ ದಿ ಸೇಮ್ ವಿದೌಟ್ ಯು’ ಎಂದರು. ಅವರಿಗೆ ಬಾವಿಯ ಮಾತೊಂದು ಇದೆಯೆಂದು ಊರಲ್ಲಿ ಯಾರಿಗೂ ತಿಳಿದಿರಲಿಲ್ಲ. ಹೆಂಡತಿ ಹೋದ ವರ್ಷ ಒಬ್ಬರೇ ಹೋಗಿ ಕೂಗಿದ್ದರಂತೆ, ನೀನಿಲ್ಲದ ಮನಿ ಮನಿ ಅನಸೂದಿಲ್ಲ ಎಂದು. ಹನ್ನೊಂದು ವರ್ಷ ಅದನ್ನು ಯಾರೆದುರಿಗೂ ಆಡದೆ ಇಟ್ಟುಕೊಂಡಿದ್ದರು. ಈಗ ಆಡಿ, ಇನ್ನೊಮ್ಮೆ ಆಡಿ, ಮಂಚದ ಕಂಬಿಯನ್ನು ಹಿಡಿದುಕೊಂಡರು.

ವಾಲ್ಟರ್‌ನ ರೆಪ್ಪೆ ಅಲುಗಿತು. ಬಾಳವ್ವ ಅವನ ಗಲ್ಲ ತಟ್ಟಿದಳು. ಹುಬ್ಬು ಗಂಟಿಕ್ಕಿ, ನಿದ್ದೆಗೆಡಿಸಿದವರ ಮೇಲೆ ಮುನಿದ ಮಗುವಿನ ಹಾಗೆ ಮುಖ ಕಿವುಚಿ, ಅವನು ಕಣ್ಣು ತೆರೆದ. ಕಿಟಕಿಯ ಸರಳುಗಳಿಗೆ ಒತ್ತಿಕೊಂಡಿದ್ದ ಅಷ್ಟೂ ಮುಖಗಳನ್ನು ಒಂದೊಂದಾಗಿ ನೋಡಿದ. ಯಾವುದೂ ಅವನ ಓಣಿಯ ಮುಖವಾಗಿರಲಿಲ್ಲ. ಕೊನೆಗೆ ಬಾಳವ್ವನನ್ನು ನೋಡಿ ತೊದಲುತ್ತಾ ಏನೋ ಕೇಳಿದ.

ಮಾಸ್ತರ ಕೈ ಜೇಬಿನ ನಿಘಂಟಿಗೆ ಹೋಯಿತು. ಬಾವಿಗೆ ಓಡಲೇ ಎಂದು ನಾನು ಬಾಗಿಲ ಕಡೆ ತಿರುಗಿದೆ.

ಬಾಳವ್ವ ಅಷ್ಟರಲ್ಲಿ, ‘ಹೂಂ, ನಾನ. ಇಲ್ಲೇ ಅದೀನಿ. ಮಲ್ಕೊ ಇನ್ನ’ ಎಂದಿದ್ದಳು. ನಮ್ಮ ಮಾತಿನಲ್ಲೇ.

ಅವನು ಹೂಂ ಎಂದ. ಅವಳ ಬೆರಳನ್ನು ಬಿಟ್ಟು ಕೈಯನ್ನು ಎದೆಯ ಮೇಲೆ ಇಟ್ಟುಕೊಂಡ. ಆಮೇಲೆ ಯಾರೂ ಬಟ್ಟೆ ಹಿಡಿಯದೆ, ಯಾರೂ ಕೇಳಿಕೊಳ್ಳದೆ, ತಾನಾಗಿಯೇ ಕಣ್ಣು ಮುಚ್ಚಿ ಮಲಗಿದ.